ಊಸರವಳ್ಳಿ ಸಾಕಬೇಕೆ? ಬದುವಿನ ಗಿಡ ಉಳಿಸಿ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಒಣಬೇಸಾಯದ ಹೊಲಗಳಲ್ಲಿ ಮುಂಗಾರು ಬಿದ್ದು ಬದುವಿನ ಗಿಡ ಚಿಗುರಿದ ಮೇಲೆ ಊಸರವಳ್ಳಿ ಕಣ್ಣಿಗೆ ಬೀಳುತ್ತದೆ. ಗೋಸುಂಬೆ ಅಂತಲೂ ಇದಕ್ಕೆ ಹೆಸರು. ಕಂಡ ಕೂಡಲೇ ನಮ್ಮಲ್ಲಿ ಎರಡರಲ್ಲಿ ಒಂದು ಕೆಲಸ ನಡೆಯುತ್ತದೆ. ದೊಡ್ಡವರು ಕಲ್ಲು ಎತ್ತುತ್ತಾರೆ, ಇಲ್ಲವೇ ಹುಡುಗರು ಹಿಡಿದು ಮನೆಗೆ ತರುತ್ತಾರೆ. ಹೇಗಾದರೂ ಪ್ರಾಣಿ ಸಾಯುತ್ತದೆ. ಕಲ್ಲಿಗೆ ಆಗಲೇ ಸಾಯುತ್ತದೆ, ಮನೆಯಲ್ಲಿ ಕೆಲವು ದಿನ ತಡೆದು ಸಾಯುತ್ತದೆ.

ಈಚೆಗೆ ಮನೆಗೆ ತರುವವರು ಜಾಸ್ತಿ ಆಗಿದ್ದಾರೆ. ಹೊರದೇಶದವರು ಬಣ್ಣಬಣ್ಣದ ಊಸರವಳ್ಳಿಗಳನ್ನು ಪಂಜರದಲ್ಲಿ ಸಾಕುವ ಚಿತ್ರ ಮೊಬೈಲಿನಲ್ಲಿ ಬರುತ್ತವೆ. ಅದನ್ನು ನೋಡಿದ ನಮ್ಮೂರ ಹುಡುಗರು "ಕಾಕಾ, ನಮ್ಮ ಹೊಲದಾಗೂ ಅದಾವಲ್ಲ, ನಾವೂ ಸಾಕಿದ್ರ ಏನಾಗ್ತದ?" ಅಂತ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಬೇಡ ಅಂತ ಗದರಿಸಿದರೆ ಅವರು ಬಿಡುವುದೂ ಇಲ್ಲ. ಯಾಕೆ ಬೇಡ ಅಂತ ಬಿಡಿಸಿ ಹೇಳಬೇಕು. ನಾನು ಏಳನೆತ್ತೆವರೆಗೆ ಓದಿದವನು. ಇಲ್ಲಿ ಬರೆದದ್ದರಲ್ಲಿ ಅರ್ಧ ಹೊಲದಲ್ಲಿ ಕಂಡದ್ದು, ಅರ್ಧ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದು.

ಯಾವುದು ಊಸರವಳ್ಳಿ, ಯಾವುದು ಓತಿಕ್ಯಾತ?

ಮೊದಲು ಗುರುತು ಸರಿಯಾಗಬೇಕು. ಬೇಲಿ ಮೇಲೆ ಕೂತು ತಲೆ ಕುಣಿಸುವುದು, ಹತ್ತಿರ ಹೋದರೆ ಸರ್ರನೆ ಓಡುವುದು, ಬೆದೆಯ ಕಾಲಕ್ಕೆ ಗಂಡಿನ ಕುತ್ತಿಗೆ ಕೆಂಪಾಗುವುದು ಓತಿಕ್ಯಾತ. ಅದೂ ಅಷ್ಟಿಷ್ಟು ಬಣ್ಣ ಬದಲಿಸುತ್ತದೆ. ಹಂಗಾಗಿ ಬಹಳ ಮಂದಿ ಅದನ್ನೇ ಊಸರವಳ್ಳಿ ಅಂದುಕೊಂಡಿದ್ದಾರೆ.

ಊಸರವಳ್ಳಿ ಓಡುವುದಿಲ್ಲ. ಒಂದು ಕಾಲು ಎತ್ತಿ, ಹಿಂದೆ ಮುಂದೆ ತೂಗಿ, ಗಾಳಿಗೆ ಎಲೆ ಅಲ್ಲಾಡಿದಂತೆ ಹೆಜ್ಜೆ ಇಡುತ್ತದೆ. ಮೈ ಎರಡೂ ಕಡೆಯಿಂದ ಒತ್ತಿದಂತೆ ಚಪ್ಪಟೆ. ತಲೆಯ ಮೇಲೆ ಟೊಪ್ಪಿಗೆಯಂತೆ ಎತ್ತರದ ಏಣು. ಬಾಲ ಸುರುಳಿ. ಮೂತಿಯಿಂದ ಬಾಲದ ತುದಿವರೆಗೆ ಬೆಳೆದದ್ದು ಒಂದೂವರೆ ಗೇಣಿನ ಆಸುಪಾಸು ಇರುತ್ತದೆ. ಹಲ್ಲಿಯ ಬಾಲ ಕಡಿದರೆ ಮತ್ತೆ ಬೆಳೆಯುತ್ತದೆ, ಊಸರವಳ್ಳಿಯ ಬಾಲ ಹೋದರೆ ಹೋಯಿತು. ಬಾಲವೇ ಅದಕ್ಕೆ ಐದನೇ ಕೈ ಇದ್ದಂತೆ. ಟೊಂಗೆಗೆ ಸುತ್ತಿಕೊಂಡೇ ಅದು ಇನ್ನೊಂದು ಟೊಂಗೆಗೆ ದಾಟುತ್ತದೆ.

ಜಗತ್ತಿನಲ್ಲಿ 200ಕ್ಕೂ ಹೆಚ್ಚು ಜಾತಿಯ ಊಸರವಳ್ಳಿಗಳಿವೆ. ಹತ್ತಿರ ಹತ್ತಿರ ಅರ್ಧದಷ್ಟು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲೇ ಇವೆ. ಉಳಿದವುಗಳಲ್ಲಿ ಬಹುಪಾಲು ಆಫ್ರಿಕಾದವು. ನಮ್ಮ ದೇಶದಲ್ಲಿ ಇರುವುದು ಒಂದೇ ಜಾತಿ. ಅದರ ಶಾಸ್ತ್ರೀಯ ಹೆಸರು ಕ್ಯಾಮಿಲಿಯೋ ಝೈಲಾನಿಕಸ್. 1768ರಲ್ಲಿ ಹೆಸರಿಟ್ಟವರು ಸಿಂಹಳದ ಹೆಸರು ಹಚ್ಚಿದರು, ಆದರೆ ಶ್ರೀಲಂಕಾದಲ್ಲಿ ಇರುವಂತೆ ನಮ್ಮ ಎರಿ, ಮಸಾರಿ ಹೊಲಗಳ ಬದುವಿನಲ್ಲೂ ಅದೇ ಜಾತಿ ಇದೆ. ದೇಶಕ್ಕೆಲ್ಲ ಇರುವ ಒಂದೇ ಜಾತಿ ನಮ್ಮ ಬನ್ನಿಗಿಡದಲ್ಲಿ ಕೂತಿದೆ ಅಂದರೆ ಅದು ಸಣ್ಣ ಮಾತಲ್ಲ.

ಕಣ್ಣು, ಕಾಲು, ನಾಲಿಗೆ

ಊಸರವಳ್ಳಿಯ ಕಣ್ಣು ಗೋಪುರದಂತೆ ಹೊರಗೆ ಬಂದಿರುತ್ತದೆ. ರೆಪ್ಪೆಗಳು ಕೂಡಿಕೊಂಡು ನಡುವೆ ಸಣ್ಣ ತೂತು ಮಾತ್ರ ಉಳಿದಿದೆ. ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡಬಲ್ಲದು. ತಲೆ ತಿರುಗಿಸದೆ ಸುತ್ತಮುತ್ತ ಎಲ್ಲ ಕಾಣುತ್ತದೆ. ಹುಳ ಕಂಡಾಗ ಎರಡೂ ಕಣ್ಣು ಮುಂದಕ್ಕೆ ಬಂದು ಒಂದೇ ಕಡೆ ನಿಲ್ಲುತ್ತವೆ. ದೂರ ಅಳೆಯಲು ಹಾಗೆ ಮಾಡುತ್ತದೆ. ಹೊರಗೆ ಕಾಣುವ ಕಿವಿ ಇದಕ್ಕಿಲ್ಲ. ಬದುಕೆಲ್ಲ ಕಣ್ಣಿನ ಮೇಲೆಯೇ.

ಕಾಲಿನ ಬೆರಳುಗಳು ಎರಡು ಕಟ್ಟಾಗಿ ಕೂಡಿವೆ. ಮುಂಗಾಲಿನಲ್ಲಿ ಒಳಗೆ ಮೂರು ಹೊರಗೆ ಎರಡು, ಹಿಂಗಾಲಿನಲ್ಲಿ ಒಳಗೆ ಎರಡು ಹೊರಗೆ ಮೂರು. ಇಕ್ಕಳದಂತೆ ಟೊಂಗೆ ಹಿಡಿಯಲು ಇಂಥ ಕಾಲು ಬಹಳ ಚಲೋ. ಆದರೆ ಸಪಾಟು ನೆಲದಲ್ಲಿ ನಡೆಯಲು ಕಷ್ಟ. ಡಾಂಬರು ರಸ್ತೆ ದಾಟುವಾಗ ಗಾಡಿಗಳ ಗಾಲಿಗೆ ಸಿಗುವುದು ಇದರಿಂದಲೇ.

ನಾಲಿಗೆ ಎಲ್ಲಕ್ಕಿಂತ ವಿಚಿತ್ರ. ಬಾಲ ಬಿಟ್ಟು ಮೈ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರ ಅದನ್ನು ಚಿಮ್ಮಿಸಬಲ್ಲ ಜಾತಿಗಳಿವೆ. ನಾಲಿಗೆಯ ಒಳಗೆ ಒಂದು ಮೊನಚಾದ ಎಲುಬಿದೆ. ಅದರ ಸುತ್ತ ಸ್ನಾಯು, ಎರಡರ ನಡುವೆ ಹಿಗ್ಗುವ ಪದರಗಳು. ಬಿಲ್ಲಿನ ಹೆದೆ ಎಳೆದು ಹಿಡಿದಂತೆ ಸ್ನಾಯು ಮೊದಲು ಆ ಪದರಗಳನ್ನು ಜಗ್ಗಿ ಇಡುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ಬರೇ ಸ್ನಾಯುವಿನ ಬಲದಿಂದ ಇಷ್ಟು ವೇಗ ಬರುವುದಿಲ್ಲ. ಇದರಿಂದ ಇನ್ನೊಂದು ಅನುಕೂಲವಿದೆ. ಚಳಿಗೆ ಹಲ್ಲಿ, ಓತಿಕ್ಯಾತಗಳ ಮೈ ಸೆಟೆದು ಮಂದವಾಗುತ್ತದೆ. ಊಸರವಳ್ಳಿಯ ನಾಲಿಗೆ ಮಾತ್ರ ಚಳಿಯಲ್ಲೂ ಹೆಚ್ಚು ಕಡಿಮೆ ಅದೇ ವೇಗದಲ್ಲಿ ಹೊರಡುತ್ತದೆ.

ತುದಿಗೆ ಅಂಟೂ ಇದೆ. ಅದರ ಜೊಲ್ಲು ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ದೊಡ್ಡ ಮಿಡತೆ ಕೂಡ ಅದರಿಂದ ಬಿಡಿಸಿಕೊಳ್ಳಲಾರದು.

ಬಣ್ಣ ಬದಲಿಸುವುದು ಯಾಕೆ?

"ಊಸರವಳ್ಳಿ ಹಂಗ ಬಣ್ಣ ಬದಲಿಸ್ತಾನ" ಅಂತ ಚುನಾವಣೆ ಬಂದಾಗ ನಾವು ಆಡುವ ಮಾತಿದೆ. ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಬಣ್ಣ ತಾಳುತ್ತದೆ ಅಂತ ಎಲ್ಲರ ತಿಳುವಳಿಕೆ. ಕೆಂಪು ಅರಿವೆ ಮೇಲೆ ಬಿಟ್ಟರೆ ಕೆಂಪಾಗುತ್ತದೆ ಅನ್ನುವುದು ನಿಜವಲ್ಲ. ಹಸಿರು, ಕಂದು ಮೈ ಎಲೆಗಳ ನಡುವೆ ತಾನಾಗಿಯೇ ಮರೆಯಾಗುತ್ತದೆ. ಬಣ್ಣ ಬದಲಾಗಲು ಬೇರೆ ಕಾರಣಗಳಿವೆ.

ಒಂದು, ಬಿಸಿಲು. ಬೆಳಿಗ್ಗೆ ಮೈ ತಣ್ಣಗಿದ್ದಾಗ ಅದು ಕಪ್ಪಾಗಿ, ಮೈಯನ್ನು ಬಿಸಿಲಿಗೆ ಅಡ್ಡ ಹಿಡಿದು ಕೂರುತ್ತದೆ. ಕರಿ ಕಂಬಳಿ ಬೇಗ ಕಾಯುತ್ತದಲ್ಲ, ಅದೇ ಲೆಕ್ಕ. ಮಧ್ಯಾಹ್ನ ಬಿಸಿಲು ಏರಿದಾಗ ಮೈ ತೆಳುವಾಗುತ್ತದೆ. ಎರಡು, ಸಿಟ್ಟು, ಹೆದರಿಕೆ. ಇನ್ನೊಂದು ಗಂಡು ಎದುರು ಬಂದರೆ ಬಣ್ಣ ಏರುತ್ತದೆ, ಮೈ ಉಬ್ಬುತ್ತದೆ. ನಾವು ಹಿಡಿದಾಗ ಕಪ್ಪಾಗುವುದು, ಚುಕ್ಕೆ ಮೂಡುವುದು ಹೆದರಿಕೆಯಿಂದ. "ನೋಡ್ರಿ, ಎಷ್ಟು ಚಂದ ಬಣ್ಣ ಬದಲಿಸ್ತು" ಅಂತ ಹುಡುಗರು ಖುಷಿಪಡುವಾಗ ಅದು ಜೀವಭಯದಲ್ಲಿ ಇರುತ್ತದೆ. ಮೂರು, ಬೆದೆ ಮತ್ತು ಗರ್ಭ. ಹೆಣ್ಣು ತಾನು ಮೊಟ್ಟೆ ಹೊತ್ತಿದ್ದೇನೆ ಅನ್ನುವುದನ್ನು ಗಂಡಿಗೆ ಬಣ್ಣದಲ್ಲೇ ತಿಳಿಸುತ್ತದೆ.

ಬಣ್ಣ ಬದಲಾಗುವ ಬಗೆಯನ್ನು ಸ್ವಿಟ್ಜರ್‌ಲೆಂಡಿನ ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಬಿಡಿಸಿ ತೋರಿಸಿದರು. ಅವರು ನೋಡಿದ್ದು ಮಡಗಾಸ್ಕರದ ಒಂದು ಜಾತಿಯನ್ನು. ಅದರ ತೊಗಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಸಾಲಾಗಿ ಕೂತಿವೆ. ಪ್ರಾಣಿ ಸಮಾಧಾನದಲ್ಲಿದ್ದಾಗ ಹರಳುಗಳು ಹತ್ತಿರ ಹತ್ತಿರ ಇದ್ದು ನೀಲಿ ಬೆಳಕನ್ನು ತಿರುಗಿಸಿ ಕಳಿಸುತ್ತವೆ. ಮೇಲಿನ ಹಳದಿಯ ಜೊತೆ ನೀಲಿ ಸೇರಿ ನಮಗೆ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವೆ ಅಂತರ ಹೆಚ್ಚಾಗಿ ಹಳದಿ, ಕೆಂಪು ಕಾಣುತ್ತದೆ. ಕಪ್ಪಾಗುವುದಕ್ಕೆ ಬೇರೆ ಕಪ್ಪು ಬಣ್ಣದ ಕಣಗಳಿವೆ.

ರಾತ್ರಿ ನಿದ್ದೆ ಮಾಡುವಾಗ ಊಸರವಳ್ಳಿ ಬಿಳಿಚಿಕೊಳ್ಳುತ್ತದೆ. ಹಂದಿ ಕಾಯಲು ಹೊಲಕ್ಕೆ ಹೋದಾಗ ಬದುವಿನ ಗಿಡಕ್ಕೆ ಬ್ಯಾಟರಿ ಬಿಟ್ಟು ನೋಡಿ. ಟೊಂಗೆ ತುದಿಯಲ್ಲಿ ಬಿಳಿ ಎಲೆ ಹಂಗ ಏನಾದರೂ ಹೊಳೆದರೆ ಅದೇ. ಹಗಲು ಎಷ್ಟು ಹುಡುಕಿದರೂ ಸಿಗದ್ದು ರಾತ್ರಿ ಸುಲಭವಾಗಿ ಸಿಗುತ್ತದೆ. ಹಿಡಿದು ಮಾರುವವರಿಗೂ ಈ ಗುಟ್ಟು ಗೊತ್ತು.

ಮೊಟ್ಟೆಗೆ ಬೇಕು ಉಳದ ನೆಲ

ಊಸರವಳ್ಳಿ ಗಿಡದ ಪ್ರಾಣಿ, ಆದರೆ ಮೊಟ್ಟೆ ಇಡುವುದು ಮಣ್ಣಿನಲ್ಲಿ. ಹೆಣ್ಣು ಕೆಳಗಿಳಿದು, ಹಸಿ ಇರುವ ಮೆತ್ತನೆ ಜಾಗ ಹುಡುಕಿ, ನಿಧಾನಕ್ಕೆ ಕುಣಿ ತೋಡಿ ಮೊಟ್ಟೆ ಇಡುತ್ತದೆ. ಹತ್ತರಿಂದ ಮೂವತ್ತರವರೆಗೆ ಇಡಬಹುದು. ಆಮೇಲೆ ಮಣ್ಣು ಮುಚ್ಚಿ ಹೋಗುತ್ತದೆ. ಕಾವು ಕೊಡುವುದಿಲ್ಲ, ಮರಿ ಸಾಕುವುದಿಲ್ಲ. ಮೊಟ್ಟೆ ತಿಂಗಳುಗಟ್ಟಲೆ ನೆಲದಲ್ಲೇ ಇರುತ್ತದೆ. ಮರಿ ಹೊರಬಂದ ದಿನದಿಂದಲೇ ತನ್ನ ಬೇಟೆ ತಾನು ಆಡಬೇಕು.

ಹಿಂಗಾರಿ ಬಿತ್ತನೆ ಹೊತ್ತಿಗೆ ಇವು ನೆಲದ ಮೇಲೆ ಅಡ್ಡಾಡುವುದನ್ನು ನಾನು ಜಾಸ್ತಿ ಕಂಡಿದ್ದೇನೆ. ನಾವು ಹೊಲವನ್ನೆಲ್ಲ ಹರಗಿ, ಕುಂಟೆ ಹೊಡೆದು ಕದಲಿಸುತ್ತೇವೆ. ತಿಂಗಳುಗಟ್ಟಲೆ ಕದಲದೆ ಇರುವ ಮಣ್ಣು ಅಂದರೆ ಬದುವಿನದು ಮಾತ್ರ. ಬದುವನ್ನು ಜೆಸಿಬಿಯಿಂದ ಕಿತ್ತು ಸಮ ಮಾಡಿದರೆ ಗಿಡದ ಜೊತೆ ಮೊಟ್ಟೆ ಇಡುವ ಜಾಗವೂ ಹೋಗುತ್ತದೆ.

ವಿಷ ಇದೆಯೇ?

ಇಲ್ಲ. ಕಚ್ಚಿದರೆ ಸಾಯುತ್ತಾರೆ, ಊದಿದರೆ ಮೈಗೆ ಹುಣ್ಣು ಬೀಳುತ್ತದೆ, ನೋಡಿದರೆ ಕೆಡುಕು ಅನ್ನುವ ಮಾತುಗಳಲ್ಲಿ ಒಂದೂ ನಿಜವಲ್ಲ. ಹೆದರಿದಾಗ ಗಾಳಿ ತುಂಬಿಕೊಂಡು ಮೈ ಉಬ್ಬಿಸುತ್ತದೆ, ಬಾಯಿ ಅಗಲಿಸಿ ಬುಸ್ ಅನ್ನುತ್ತದೆ, ಹಿಡಿದರೆ ಕಚ್ಚಲೂಬಹುದು. ಅದು ಬರೇ ಚಿವುಟಿದಷ್ಟು. ಓಡಲು ಬಾರದ ಪ್ರಾಣಿಗೆ ಹೆದರಿಸುವುದೊಂದೇ ದಾರಿ. ಮಾಟಕ್ಕೆ, ಔಷಧಿಗೆ ಅಂತ ಹೇಳಿ ಮಾರುವವರ ಮಾತಿಗೂ ಬುಡವಿಲ್ಲ.

ಮನೆಯಲ್ಲಿ ಸಾಕಿದರೆ ಏನಾಗುತ್ತದೆ?

ಅಮೆರಿಕ, ಯುರೋಪಿನಲ್ಲಿ ಸಾಕುವವರಿದ್ದಾರೆ, ನಿಜ. ಅಲ್ಲಿ ಹೆಚ್ಚಾಗಿ ಸಾಕುವುದು ಯೆಮನ್ ದೇಶದ ಒಂದು ಜಾತಿ, ಮಡಗಾಸ್ಕರದ ಇನ್ನೊಂದು ಜಾತಿ. ಅವೂ ಬಹುಪಾಲು ಪಂಜರದಲ್ಲೇ ಹುಟ್ಟಿ ಬೆಳೆದವು. ಅವಕ್ಕೆ ಏನೇನು ಏರ್ಪಾಡು ಬೇಕು ಅನ್ನುವುದನ್ನು ಕೇಳಿದರೆ ನಮ್ಮ ಹುಡುಗರ ಆಸೆ ಅರ್ಧ ಇಳಿಯುತ್ತದೆ.

ನೀರು: ಊಸರವಳ್ಳಿ ಬಟ್ಟಲಿನಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆ ಮೇಲಿನ ಮಂಜಿನ ಹನಿ, ಮಳೆ ಹನಿ ನೆಕ್ಕುತ್ತದೆ. ಪಂಜರದಲ್ಲಿ ದಿನಾ ಎಲೆಗಳ ಮೇಲೆ ಹನಿ ಬೀಳುವಂತೆ ಮಾಡಬೇಕು. ಬಟ್ಟಲು ತುಂಬ ನೀರು ಎದುರಿಗಿದ್ದರೂ ಅದು ನೀರಡಿಸಿ ಸಾಯಬಹುದು. ಕಣ್ಣಿನ ಗೋಪುರ ಒಳಗೆ ಕುಸಿದರೆ ಮೈಯಲ್ಲಿ ನೀರು ಆರಿದೆ ಅಂತ ತಿಳಿಯಬೇಕು.

ಆಹಾರ: ಅನ್ನ, ರೊಟ್ಟಿ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಅಲ್ಲಾಡುವ ಜೀವಂತ ಹುಳವೇ ಬೇಕು, ಅದರಲ್ಲೂ ಬೇರೆ ಬೇರೆ ಬಗೆಯವು ಬೇಕು. ಪಂಜರದವಕ್ಕೆ ಹುಳಗಳಿಗೆ ಸುಣ್ಣದ ಅಂಶದ ಪುಡಿ ಹಚ್ಚಿ ಕೊಡುತ್ತಾರೆ.

ಬಿಸಿಲು: ಸುಣ್ಣದ ಅಂಶ ಮೈಗೆ ಹತ್ತಬೇಕಾದರೆ ನೇರ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬೇಕು. ಗಾಜಿನ ಕಿಟಕಿಯಿಂದ ಬಂದ ಬಿಸಿಲು ಆಗುವುದಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಹೊರದೇಶದವರು ಅದಕ್ಕೆಂದೇ ಬೇರೆ ದೀಪ ಹಾಕುತ್ತಾರೆ. ಕಿರಣ ಸಿಗದಿದ್ದರೆ ಎಲುಬು ಮೆತ್ತಗಾಗಿ ಕಾಲು ಸೊಟ್ಟಾಗುತ್ತವೆ, ದವಡೆ ಬಾಗುತ್ತದೆ, ಕೊನೆಗೆ ನಾಲಿಗೆ ಚಾಚಲೂ ಬರುವುದಿಲ್ಲ.

ಒಂಟಿತನ: ಇದು ಒಂಟಿ ಪ್ರಾಣಿ. ಎರಡನ್ನು ಒಂದೇ ಕಡೆ ಇಟ್ಟರೆ ಜಗಳಾಡದಿದ್ದರೂ ಒಂದನ್ನು ಒಂದು ನೋಡಿಯೇ ಸೊರಗುತ್ತವೆ. ಮನುಷ್ಯರು ಮುಟ್ಟುವುದು, ಎತ್ತಿಕೊಳ್ಳುವುದು ಕೂಡ ಅದಕ್ಕೆ ಹಿಂಸೆಯೇ. ನಾಯಿ, ಗಿಳಿ ಹಂಗ ಪ್ರೀತಿಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ಸಾಮಾನು, ದುಡ್ಡು, ಪಶುವೈದ್ಯರು ಇರುವ ಕಡೆಯೂ ತಿಳಿಯದವರ ಕೈಯಲ್ಲಿ ಅವು ಸಾಯುತ್ತವೆ. ನಮ್ಮ ಹುಡುಗರು ಹೊಲದಿಂದ ತಂದದ್ದನ್ನು ರಟ್ಟಿನ ಡಬ್ಬಿಯಲ್ಲಿ ಇಡುತ್ತಾರೆ, ಇಲ್ಲವೇ ಕಾಲಿಗೆ ದಾರ ಕಟ್ಟುತ್ತಾರೆ. ಕಾಡಿನಲ್ಲಿ ಬೆಳೆದದ್ದು ಹಿಡಿದ ಹೆದರಿಕೆಗೇ ತಿನ್ನುವುದು ಬಿಡುತ್ತದೆ. ಎರಡು ದಿನ ಕಪ್ಪಾಗಿ ಕೂತಿರುತ್ತದೆ. ಆಮೇಲೆ ಹಗಲಲ್ಲೇ ಕಣ್ಣು ಮುಚ್ಚುತ್ತದೆ. ಹಗಲು ಕಣ್ಣು ಮುಚ್ಚಿ ಕೂತ ಊಸರವಳ್ಳಿ ನಿದ್ದೆ ಮಾಡುತ್ತಿಲ್ಲ, ಅದು ಬಹಳ ಕೆಟ್ಟ ಸ್ಥಿತಿಯಲ್ಲಿದೆ ಅಂತ ಅರ್ಥ. ಹಿಡಿದು ತಂದವರು ಯಾರಾದರೂ ಇದ್ದರೆ ಆ ಹೊತ್ತಿನವರೆಗೆ ಕಾಯದೆ, ತಂದ ಗಿಡದ ಮೇಲೆಯೇ ಬಿಟ್ಟು ಬರಬೇಕು.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನಮ್ಮ ಊಸರವಳ್ಳಿ ಇದೆ. ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು ಎಲ್ಲ ಅಪರಾಧ. ನಮ್ಮ ಹೊಲದಲ್ಲೇ ಸಿಕ್ಕಿತು ಅನ್ನುವ ಮಾತು ನಡೆಯುವುದಿಲ್ಲ. ಜೈಲು, ದಂಡ ಎರಡೂ ಇವೆ. ಹೊರದೇಶದ ಜಾತಿ ಸಾಕುತ್ತೇವೆ ಅನ್ನುವವರಿಗೂ ದಾರಿ ಸಲೀಸಿಲ್ಲ. 2022ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಯಾರಾದರೂ ಊರಿಗೆ ಬಂದು "ಒಂದಕ್ಕ ಇಷ್ಟು ರೊಕ್ಕ ಕೊಡ್ತೀವಿ, ಹಿಡಿದು ಕೊಡ್ರಿ" ಅಂದರೆ ನಂಬಬೇಡಿ. ರೊಕ್ಕ ಅವರಿಗೆ, ಕೇಸು ನಿಮಗೆ. ಅಂಥವರು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ರೈತನಿಗೆ ಏನು ಲಾಭ?

ಊಸರವಳ್ಳಿ ಮಿಡತೆ, ನೊಣ, ಚಿಟ್ಟೆ, ಹುಳಹುಪ್ಪಡಿ ತಿನ್ನುತ್ತದೆ. ಆದರೆ ಒಂದು ಊಸರವಳ್ಳಿಯಿಂದ ತೊಗರಿಯ ಕಾಯಿಕೊರಕ ಹತೋಟಿಗೆ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಲಾಭ ಬೇರೆ ರೀತಿಯದು.

ಈ ಪ್ರಾಣಿ ಬದುಕಲು ಮೂರು ಬೇಕು. ಟೊಂಗೆಗೆ ಟೊಂಗೆ ತಾಗಿದ ಗಿಡಗಳು, ವರ್ಷದ ಬಹುಪಾಲು ಸಿಗುವ ಹುಳ, ಉಳದೆ ಬಿಟ್ಟ ಮಣ್ಣು. ಮೂರೂ ಇರುವ ಬದುವಿನಲ್ಲಿ ಕಾಜಾಣ ಕೂತು ಕೀಡೆ ಹೆಕ್ಕುತ್ತದೆ, ಜೇನು ಕಟ್ಟುತ್ತದೆ, ಮಳೆನೀರು ಇಂಗುತ್ತದೆ, ಮಣ್ಣು ಕೊಚ್ಚಿ ಹೋಗುವುದಿಲ್ಲ. ಬನ್ನಿ, ಜಾಲಿಯ ಕಾಯಿ, ತಪ್ಪಲು ಆಡು ಕುರಿಗೆ ಮೇವು. ಬೇವಿನ ಬೀಜ ಔಷಧಿಗೆ. ಊಸರವಳ್ಳಿ ಇದೆ ಅಂದರೆ ಆ ಬದು ಇನ್ನೂ ಗಟ್ಟಿಯಾಗಿದೆ ಅಂತ ಲೆಕ್ಕ. ಬದು ಹಾಳಾದರೆ ಹಕ್ಕಿ ಹಾರಿ ಹೋಗಬಲ್ಲದು. ಊಸರವಳ್ಳಿಗೆ ಹೋಗಲು ಆಗುವುದಿಲ್ಲ, ಅಲ್ಲೇ ಮುಗಿಯುತ್ತದೆ.

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರ ಕಡೆ ಬಹಳ ಹೊಲ ಗದ್ದೆಯಾದವು. ಗದ್ದೆಗೆ ನೆಲ ಸಮ ಆಗಬೇಕು, ಗಿಡ ನಿಲ್ಲುವುದಿಲ್ಲ. ಅವರನ್ನು ದೂರುವುದಿಲ್ಲ, ನೀರು ಬಂದವರು ಬೆಳೆಯಲೇಬೇಕು. ಆದರೆ ನೀರು ಏರದ ನಮ್ಮಂಥವರ ಹೊಲದಲ್ಲೂ ಅದನ್ನೇ ನೋಡಿ ಬದು ಕೀಳುತ್ತಿದ್ದಾರೆ. ಒಣಭೂಮಿಗೆ ಬದುವಿಲ್ಲದೆ ಬಂದ ಲಾಭ ಒಂದೆರಡು ಸಾಲು ತೊಗರಿ ಮಾತ್ರ. ಹೋದದ್ದು ಮೇಲ್ಮಣ್ಣು.

ನಾವು ಮಾಡಬಹುದಾದದ್ದು

1. ಬದುವಿನ ಗಿಡದ ನೆರಳಿಗೆ ಬೆಳೆ ಕುಂಠಿತವಾಗುತ್ತದೆ ಅನ್ನುವುದು ಖರೆ. ಅದಕ್ಕೆ ಬುಡಕ್ಕೆ ಕೊಡಲಿ ಹಾಕಬೇಡಿ. ಹೊಲದ ಕಡೆ ಬಾಗಿದ ಟೊಂಗೆ ಮಾತ್ರ ಸವರಿ. ಒಂದು ವರ್ಷ ಅರ್ಧ ಬದು, ಮುಂದಿನ ವರ್ಷ ಇನ್ನರ್ಧ. ಹೀಗೆ ಮಾಡಿದರೆ ಉರುವಲೂ ಸಿಗುತ್ತದೆ, ಪ್ರಾಣಿಗೆ ಇರಲು ಜಾಗವೂ ಉಳಿಯುತ್ತದೆ.

2. ಬದುವಿನ ಒಣಹುಲ್ಲಿಗೆ ಬೆಂಕಿ ಹಚ್ಚಬೇಡಿ. ಓಡಬಲ್ಲ ಪ್ರಾಣಿ ತಪ್ಪಿಸಿಕೊಳ್ಳುತ್ತದೆ, ಊಸರವಳ್ಳಿ ಸುಟ್ಟು ಹೋಗುತ್ತದೆ. ಹುಲ್ಲು ಕೊಯ್ದು ದನಕ್ಕೆ ಹಾಕಿ.

3. ತೊಗರಿಗೆ ಎಣ್ಣೆ ಹೊಡೆಯುವಾಗ ಪಂಪಿನ ಮೂತಿ ಬದುವಿನ ಕಡೆ ತಿರುಗದಿರಲಿ. ಕೀಡೆ ಕಡಿಮೆ ಇದ್ದಾಗ ಮೊದಲು ಬೇವಿನ ಬೀಜದ ಕಷಾಯ ಹೊಡೆಯಿರಿ. ಒಂದು ಲೀಟರ್ ನೀರಿಗೆ ಬೀಜದ ತಿರುಳು 50 ಗ್ರಾಂ ಲೆಕ್ಕ. ದೊಡ್ಡ ಕೀಡೆ ಬಿದ್ದಿದ್ದರೆ ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಜಾಡಿಸಿ. ಬಿದ್ದ ಕೀಡೆ ಕೋಳಿಗೆ ಹಾಕಿ.

4. ರಸ್ತೆಯಲ್ಲಿ ಊಸರವಳ್ಳಿ ಕಂಡರೆ ಕೈಯಿಂದ ಹಿಡಿಯಬೇಡಿ. ಒಂದು ಕಟ್ಟಿಗೆ ಎದುರಿಗೆ ಹಿಡಿಯಿರಿ, ಅದೇ ಹತ್ತುತ್ತದೆ. ಯಾವ ಕಡೆ ಹೊರಟಿತ್ತೋ ಆ ಕಡೆಯ ಗಿಡಕ್ಕೆ ಬಿಡಿ. ಹೊರಟ ಕಡೆಯಿಂದ ತಿರುಗಿಸಿ ಬಿಟ್ಟರೆ ಮತ್ತೆ ರಸ್ತೆಗೇ ಇಳಿಯುತ್ತದೆ.

5. ಸಾಕುವ ಆಸೆ ಇರುವ ಹುಡುಗರಿಗೆ ಬದುವಿನ ಒಂದು ಗಿಡ ಒಪ್ಪಿಸಿ. ರಾತ್ರಿ ದೊಡ್ಡವರ ಜೊತೆ ಬ್ಯಾಟರಿ ಹಿಡಿದು ಹೋಗಿ, ಮುಟ್ಟದೆ ಎಣಿಸಿ, ಹಳೆ ನೋಟಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಲಿ. ಯಾವ ಗಿಡದಲ್ಲಿ ಕಂಡಿತು, ಎಷ್ಟು ದೊಡ್ಡದು, ಯಾವ ಬಣ್ಣ, ಮಳೆ ಆಗಿತ್ತೋ ಇಲ್ಲವೋ ಎಲ್ಲ ಬರೆಯಲಿ. ನಮ್ಮ ಓಣಿಯ ಇಬ್ಬರು ಹುಡುಗರು ಹೀಗೆ ಬರೆಯುತ್ತಿದ್ದಾರೆ. ಈಗ ಆ ಬದುವಿನ ಗಿಡಕ್ಕೆ ಯಾರಾದರೂ ಕೊಡಲಿ ಎತ್ತಿದರೆ ಮೊದಲು ಬೇಡ ಅನ್ನುವವರು ಅವರೇ.

ಪಂಜರ, ದೀಪ, ಹುಳದ ಖರ್ಚು ಏನೂ ಇಲ್ಲದೆ ಊಸರವಳ್ಳಿ ಸಾಕುವ ಅನುಕೂಲ ನಮ್ಮಂಥ ಬದು ಇರುವ ರೈತರಿಗೆ ಮಾತ್ರ ಇದೆ. ನಿಮ್ಮ ಕಡೆ ಈ ಪ್ರಾಣಿಗೆ ಏನಂತ ಕರೆಯುತ್ತಾರೆ, ಯಾವ ಗಿಡದಲ್ಲಿ ಹೆಚ್ಚು ಕಾಣುತ್ತದೆ, ಮೊದಲಿಗಿಂತ ಕಡಿಮೆಯಾಗಿದೆಯೇ ಅನ್ನುವುದನ್ನು ಪತ್ರಿಕೆಗೆ ಬರೆದು ತಿಳಿಸಿ. ಬೇರೆ ಬೇರೆ ಊರಿನ ರೈತರು ಕಂಡದ್ದು ಒಂದೇ ಕಡೆ ಸೇರಿದರೆ ಎಲ್ಲರಿಗೂ ಉಪಯೋಗವಾದೀತು.